ಹೊಳೆ ದಾಟಿದ ಮೇಲೆ ಅಂಬಿಗನ ನೆನಪು

ಪ್ರತಿ ವರ್ಷ ಏಪ್ರಿಲ್ 14ರಂದು ನಾಡು ಅಂಬೇಡ್ಕರ್ ಜಯಂತಿಯನ್ನು ಆಚರಿಸುತ್ತದೆ. ಅದೇ ದಿನ ದೇಶದ ಅಗ್ನಿಶಾಮಕ ಸೇವಾ ದಿನವೂ ಹೌದೆಂಬುದು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. 1944ರ ಆ ದಿನ ಮುಂಬೈ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ತಗುಲಿತು. ಹಡಗಿನ ಒಡಲಲ್ಲಿ ಹತ್ತಿಯ ಮೂಟೆಗಳೊಂದಿಗೆ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಅಗ್ನಿಶಾಮಕರು ನೀರಿನ ಕೊಳವೆ ಹಿಡಿದು ಬೆಂಕಿಯೊಡನೆ ಸೆಣಸುತ್ತಿದ್ದಾಗಲೇ, ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು. ಬಂದರು ಧ್ವಂಸವಾಯಿತು, ನೂರಾರು ಜನ ಸತ್ತರು. ಸತ್ತವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ.

ಪೊಲೀಸರಿಗೂ ಇಂಥದೊಂದು ದಿನವಿದೆ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಗಳ ಗುಂಡಿಗೆ ಬಲಿಯಾದ ಹತ್ತು ಮಂದಿಯ ನೆನಪಿನಲ್ಲಿ ಪೊಲೀಸ್ ಹುತಾತ್ಮರ ದಿನವನ್ನು ಆಚರಿಸಲಾಗುತ್ತದೆ. ಹೂಗುಚ್ಛ ಇಡುತ್ತೇವೆ, ಕುಶಾಲತೋಪು ಹಾರಿಸುತ್ತೇವೆ, ಎರಡು ನಿಮಿಷ ಮೌನವಾಗಿ ನಿಲ್ಲುತ್ತೇವೆ. ಇವೆಲ್ಲ ಸಲ್ಲಬೇಕಾದ ಗೌರವಗಳೇ. ಆದರೆ ಸತ್ತವರಿಗೆ ತೋರುವ ಈ ಶ್ರದ್ಧೆಯ ಒಂದಂಶವನ್ನಾದರೂ ಬದುಕಿರುವವರಿಗೆ, ಅಂದರೆ ಇಂದು ರಾತ್ರಿ ಕರೆ ಬಂದರೆ ನಾಳೆ ಮನೆಗೆ ಮರಳುವ ಖಾತರಿಯಿಲ್ಲದವರಿಗೆ, ನಾವು ಯಾವ ರೂಪದಲ್ಲಿ ತೋರುತ್ತಿದ್ದೇವೆ ಎಂದು ಕೇಳಿಕೊಂಡರೆ ಉತ್ತರ ಸುಲಭವಾಗಿ ಸಿಗುವುದಿಲ್ಲ.

ಈ ಪ್ರಶ್ನೆಗೆ ಕೆಲವು ದೇಶಗಳು ಕಂಡುಕೊಂಡಿರುವ ಸರಳವಾದ ಉತ್ತರವೊಂದಿದೆ. ಅದು ಸಾರ್ವಜನಿಕ ಉದ್ಯಾನಗಳ ಬಾಗಿಲನ್ನು ಅವರಿಗೆ ಶುಲ್ಕವಿಲ್ಲದೆ ತೆರೆಯುವುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2012ರಿಂದ ಸೇವೆಯಲ್ಲಿರುವ ಸೈನಿಕರಿಗೆ ಉಚಿತ ಪಾಸು ದೊರೆಯುತ್ತಿದೆ. 2020ರ ನವೆಂಬರ್ 11ರಿಂದ ಅದನ್ನು ಮಾಜಿ ಸೈನಿಕರಿಗೂ ಸೇವೆಯಲ್ಲಿ ಮಡಿದವರ ಕುಟುಂಬಗಳಿಗೂ ವಿಸ್ತರಿಸಲಾಯಿತು. ಅಗ್ನಿಶಾಮಕರು, ಪೊಲೀಸರು, ಆಂಬುಲೆನ್ಸ್ ಸಿಬ್ಬಂದಿಗೂ ಇಂಥ ರಿಯಾಯಿತಿ ನೀಡುವ ಪದ್ಧತಿ ಅಲ್ಲಿನ ಕೆಲವೆಡೆ ಇದೆ. ನಮ್ಮಲ್ಲೂ ಇದು ಆಗಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಟಿಕೆಟ್ ಮನ್ನಾ ಮಾಡುವುದು ಈ ಕೆಲಸದ ಅರ್ಧಭಾಗ ಮಾತ್ರ. ಉದ್ಯಾನಕ್ಕೆ ಹೋಗಲು ಬಿಡುವೇ ಇಲ್ಲದವರಿಗೆ ಉಚಿತ ಪ್ರವೇಶದ ಪಾಸು ಕೊಡುವುದೆಂದರೆ ಮೂಗಿಗೆ ತುಪ್ಪ ಸವರಿದಂತೆ. ಪಾಸಿನ ಜೊತೆಗೆ ಅದನ್ನು ಬಳಸುವ ಹೊತ್ತನ್ನೂ ಕೊಟ್ಟಾಗಲೇ ಅದು ಗೌರವ ಎನ್ನಿಸಿಕೊಳ್ಳುತ್ತದೆ.

ಮೊದಲಿಗೆ ಹಣದ ಪ್ರಶ್ನೆಯನ್ನು ನೋಡೋಣ. ಉಚಿತ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ತೆರಿಗೆದಾರರ ಹುಬ್ಬು ಗಂಟಿಕ್ಕುವುದು ಸಹಜ. 1844ರಲ್ಲಿ ಜೂಲ್ಸ್ ದ್ಯುಪ್ವಿ ಎಂಬ ಫ್ರೆಂಚ್ ಎಂಜಿನಿಯರ್ ಸೇತುವೆಯ ಸುಂಕದ ಬಗ್ಗೆ ಬರೆದ ಪ್ರಬಂಧವೊಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ. ದಟ್ಟಣೆಯಿಲ್ಲದ ಸೇತುವೆಯ ಮೇಲೆ ಇನ್ನೊಬ್ಬ ದಾರಿಹೋಕ ನಡೆದರೆ ಸೇತುವೆಗೆ ಹೆಚ್ಚುವರಿ ಖರ್ಚೇನೂ ಬರುವುದಿಲ್ಲ. ಸುಂಕಕ್ಕೆ ಅಂಜಿ ಅವನು ಹಿಂದಿರುಗಿದರೆ ಮಾತ್ರ ಸಮಾಜಕ್ಕೆ ನಷ್ಟ. ಈ ತರ್ಕ ಉದ್ಯಾನಕ್ಕೂ ಅನ್ವಯಿಸುತ್ತದೆ. ವಾರದ ನಡುವಿನ ಒಂದು ಮಧ್ಯಾಹ್ನ, 240 ಎಕರೆ ವಿಸ್ತೀರ್ಣದ ಲಾಲ್‌ಬಾಗ್‌ನಲ್ಲಿ ನಾಲ್ಕು ಜನರ ಕುಟುಂಬವೊಂದು ಮರದ ನೆರಳಲ್ಲಿ ಕುಳಿತರೆ ತೋಟಗಾರಿಕೆ ಇಲಾಖೆಗೆ ಆಗುವ ಹೆಚ್ಚುವರಿ ವೆಚ್ಚ ಬಹುತೇಕ ಶೂನ್ಯ.

ಕೈಬಿಟ್ಟುಹೋಗುವ ಟಿಕೆಟ್ ಹಣ ಎಷ್ಟಾದೀತು? ಒಂದು ಊಹೆಯ ಲೆಕ್ಕ ಹಾಕೋಣ. ರಾಜ್ಯದಲ್ಲಿ ಒಂದು ಲಕ್ಷ ಕುಟುಂಬಗಳಿಗೆ ಈ ಸೌಲಭ್ಯ ಸಿಕ್ಕಿತೆಂದೂ ಕುಟುಂಬದ ನಾಲ್ವರು ವರ್ಷಕ್ಕೆ ನಾಲ್ಕು ಬಾರಿ ಉದ್ಯಾನಗಳಿಗೆ ಹೋದರೆಂದೂ ಟಿಕೆಟ್ ತಲಾ 30 ರೂಪಾಯಿ ಎಂದೂ ಇಟ್ಟುಕೊಂಡರೆ ಒಟ್ಟು ಮೊತ್ತ 4.8 ಕೋಟಿ ರೂಪಾಯಿ. ಕರ್ನಾಟಕದ 2025-26ರ ಬಜೆಟ್ ಗಾತ್ರ ನಾಲ್ಕು ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ ಲಕ್ಷ ರೂಪಾಯಿಯಲ್ಲಿ ಇದರ ಪಾಲು ಸುಮಾರು ಒಂದು ರೂಪಾಯಿ ಇಪ್ಪತ್ತು ಪೈಸೆ. ನನ್ನ ಊಹೆ ಮೂರು ಪಟ್ಟು ತಪ್ಪಿದರೂ ಬೊಕ್ಕಸ ಬರಿದಾಗುವುದಿಲ್ಲ.

ಇಷ್ಟು ಅಗ್ಗವೆಂಬುದೇ ಈ ಯೋಜನೆಯನ್ನು ಸಂದೇಹದಿಂದ ನೋಡಲೂ ಕಾರಣವಾಗಬೇಕು. ಅಗ್ಗದ ಗೌರವ ಆಳುವವರಿಗೆ ಬಹಳ ಪ್ರಿಯ. ದುಬಾರಿಯಾದ ಕರ್ತವ್ಯಗಳನ್ನು ಮುಂದೂಡಲು ಅದು ಅನುಕೂಲ ಮಾಡಿಕೊಡುತ್ತದೆ. 2020ನೇ ಇಸವಿಯನ್ನು ನೆನಪಿಸಿಕೊಳ್ಳಿ. ಮಾರ್ಚ್ 22ರ ಸಂಜೆ ನಾವೆಲ್ಲ ಬಾಲ್ಕನಿಗಳಲ್ಲಿ ನಿಂತು ತಟ್ಟೆ ಬಡಿದೆವು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಪುಷ್ಪವೃಷ್ಟಿ ಮಾಡಿದವು. ಅದೇ ವರ್ಷದ ಜುಲೈ ತಿಂಗಳಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿ ಮುಷ್ಕರ ಹೂಡಬೇಕಾಯಿತು. ಹೂವು ಬಾಡುವಷ್ಟರಲ್ಲಿ ಕೃತಜ್ಞತೆಯೂ ಬಾಡಿತ್ತು. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ನಮ್ಮ ಗಾದೆ ಹುಟ್ಟಿದ್ದೇ ಇಂಥ ಅನುಭವಗಳಿಂದ ಇರಬೇಕು.

ಗೌರವ ಮತ್ತು ಜೀವನಾಧಾರ ಒಂದನ್ನೊಂದು ಬಿಟ್ಟಿರಬಾರದೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸತಲ್ಲ. ತುರುಗಳನ್ನು, ಊರನ್ನು, ಹೆಣ್ಣುಮಕ್ಕಳನ್ನು ಕಾಯಲು ಹೋರಾಡಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಇವೆ. ಆ ಶಾಸನಗಳನ್ನು ಓದಿದವರಿಗೆ ಕಲ್ನಾಡು, ನೆತ್ತರುಗೊಡಗೆ, ಬಾಳ್ಗಳ್ಚು ಮುಂತಾದ ಪದಗಳು ಪರಿಚಿತ. ಇವೆಲ್ಲ ವೀರರಿಗೆ ಅಥವಾ ಅವರ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯ ದತ್ತಿಗಳ ಹೆಸರುಗಳು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ, ಗಂಗರ ಕಾಲದ ಬೇಗೂರಿನ ವೀರಗಲ್ಲನ್ನೇ ನೋಡಬಹುದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದ ಬಳಿಕ, ಎರೆಯಪ್ಪರಸನು ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೇಗೂರು ಸೇರಿದ ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಕಲ್ಲಿನ ಜೊತೆಗೆ ನೆಲವನ್ನೂ ಕೊಡುವುದು ಅಂದಿನ ರೂಢಿ. ಇಂದು ಕಲ್ಲು ನಿಲ್ಲಿಸಿ ನೆಲವನ್ನು ಮರೆಯುವುದು ನಮ್ಮ ರೂಢಿಯಾಗುತ್ತಿದೆ.

ಹಾಗಾದರೆ ಸಂಬಳ, ವಿಮೆ, ಸುರಕ್ಷಾ ಸಾಧನಗಳ ಬಗ್ಗೆ ಮಾತನಾಡದೆ ಉದ್ಯಾನದ ಮಾತೇಕೆ ಎಂದು ಓದುಗರು ಕೇಳಬಹುದು. ಸಂಬಳ ಮಾಡಿದ ಕೆಲಸಕ್ಕೆ ಕೊಡುವ ಬೆಲೆ. ಸುರಕ್ಷಾ ಸಾಧನ ಕೆಲಸ ಮಾಡಿಸಿಕೊಳ್ಳುವವನ ಹೊಣೆ. ಇವೆರಡೂ ಋಣ ತೀರಿಸುವ ಬಾಬುಗಳೇ ಹೊರತು ಉಡುಗೊರೆಗಳಲ್ಲ. ಬ್ರಿಟನ್ನಿನ ರಿಚರ್ಡ್ ಟಿಟ್‌ಮಸ್ ರಕ್ತದಾನದ ಕುರಿತು 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಜವೊಂದನ್ನು ಹಿಡಿದಿಡುವ ಕೊಡುಕೊಳ್ಳುವಿಕೆಗಳೆಲ್ಲ ಮಾರುಕಟ್ಟೆಯ ಬೆಲೆಗೆ ಇಳಿಯುವಂಥವಲ್ಲ ಎಂದು ವಾದಿಸಿದರು. ಉರಿಯುವ ಕಟ್ಟಡದೊಳಕ್ಕೆ ಹೆಜ್ಜೆ ಇಡುವ ಆ ಒಂದು ಕ್ಷಣಕ್ಕೆ ಯಾವ ವೇತನ ಆಯೋಗವೂ ದರ ಕಟ್ಟಲಾರದು. ಅದಕ್ಕೆ ಸಮಾಜ ಬೇರೊಂದು ಭಾಷೆಯಲ್ಲಿ ವಂದನೆ ಹೇಳಬೇಕಾಗುತ್ತದೆ. ಎಲ್ಲರಿಗೂ ಸೇರಿದ, ಯಾರೊಬ್ಬರ ಸ್ವತ್ತೂ ಅಲ್ಲದ ಉದ್ಯಾನ ಅಂಥ ವಂದನೆಗೆ ತಕ್ಕ ಸ್ಥಳ.

ಉದ್ಯಾನವನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ರೋಜರ್ ಉಲ್ರಿಚ್ ಎಂಬ ವಿದ್ವಾಂಸರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿ, ಕಿಟಕಿಯಾಚೆ ಬರೀ ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಮರಳಿದ್ದರು. ತೀವ್ರ ನೋವುನಿವಾರಕಗಳನ್ನು ಕಡಿಮೆ ಬಳಸಿದ್ದರು. ಒಂದು ಸಣ್ಣ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು, ನಿಜ. ಉದ್ಯಾನ ಚಿಕಿತ್ಸಾಲಯವೂ ಅಲ್ಲ. ಆದರೂ ರಸ್ತೆ ಅಪಘಾತದಲ್ಲಿ ನಜ್ಜುಗುಜ್ಜಾದ ದೇಹಗಳನ್ನು ಎತ್ತುವವರು, ಕೆರೆಯಿಂದ ಮಕ್ಕಳ ಶವ ತೆಗೆಯುವವರು, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಳೆಯ ನಡುವೆ ಮಣ್ಣು ಬಗೆದವರು, ಇಂಥವರ ಕಣ್ಣಿಗೆ ನಾವು ನೀವು ನೋಡುವುದಕ್ಕಿಂತ ಹೆಚ್ಚು ಹಸಿರು ಬೇಕು ಎನ್ನಲು ಸಂಶೋಧನೆಯ ಅಗತ್ಯ ಬಹಳವಿಲ್ಲ.

ಬೆಂಗಳೂರಿಗೆ ದುರಂತಗಳ ನೆನಪು ಕಡಿಮೆಯೇನಿಲ್ಲ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು; ಅವರಲ್ಲಿ ಮಕ್ಕಳೇ ಹೆಚ್ಚು. 1983ರ ಸೆಪ್ಟೆಂಬರ್‌ನಲ್ಲಿ ಕಟ್ಟಲಾಗುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಅಸುನೀಗಿದರು. 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಜೀವಗಳು ಹೋದವು. ಸತ್ತವರ ಸಂಖ್ಯೆ ನಮ್ಮ ನೆನಪಿನಲ್ಲಿದೆ. ಉಳಿದವರನ್ನು ಯಾರು ಹೊರಗೆ ತಂದರು, ಅವರು ಆ ರಾತ್ರಿ ಹೇಗೆ ನಿದ್ರಿಸಿದರು ಎಂಬುದು ಯಾವ ವರದಿಯಲ್ಲೂ ದಾಖಲಾಗುವುದಿಲ್ಲ.

ಇನ್ನು ಹೊತ್ತಿನ ಪ್ರಶ್ನೆ. ನನ್ನ ವಾದದ ತಿರುಳು ಇರುವುದು ಇಲ್ಲಿ. ಲಾಲ್‌ಬಾಗ್‌ನಲ್ಲಿ ಬೆಳಗಿನ ನಡಿಗೆಯ ವೇಳೆಯಲ್ಲಿ ಟಿಕೆಟ್ ಇಲ್ಲದೆ ಒಳಹೋಗುವ ಅವಕಾಶ ಬಹುಕಾಲದಿಂದ ಇದೆ. ಹಗಲಲ್ಲಿ ಬರುವವರು ಟಿಕೆಟ್ ಕೊಳ್ಳಬೇಕು. ನಡಿಗೆಗಾರರಿಗೆ ಇದು ಉಪಕಾರಿ. ನಾನೂ ಅದರ ಫಲಾನುಭವಿ. ಆದರೆ ಈ ಏರ್ಪಾಡು ಯಾರ ದಿನಚರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆದದ್ದು ಎಂದು ಯೋಚಿಸಿದರೆ ಕುತೂಹಲಕರ ಸಂಗತಿ ಹೊರಬೀಳುತ್ತದೆ. ನಿಗದಿತ ವೇಳೆಯಲ್ಲಿ ಮಲಗಿ, ನಿಗದಿತ ವೇಳೆಯಲ್ಲಿ ಏಳುವ, ಹತ್ತಕ್ಕೆ ಕಚೇರಿ ಸೇರುವ ಅಥವಾ ಪಿಂಚಣಿ ಪಡೆಯುವ ವರ್ಗಕ್ಕೆ ಉದ್ಯಾನ ಉಚಿತ. ರಾತ್ರಿ ಪಾಳಿ ಮುಗಿಸಿ, ವರದಿ ಬರೆದು, ಠಾಣೆಯಿಂದಲೋ ಕೇಂದ್ರದಿಂದಲೋ ಹೊರಬೀಳುವ ಹೊತ್ತಿಗೆ ಉಚಿತದ ವೇಳೆ ಮುಗಿದಿರುತ್ತದೆ. ಅವರ ರಜೆ ಬರುವುದು ಮಂಗಳವಾರ ಮಧ್ಯಾಹ್ನವೋ ಗುರುವಾರವೋ. ಆಗ ಗೇಟಿನಲ್ಲಿ ಟಿಕೆಟ್ ಕೌಂಟರ್ ಇರುತ್ತದೆ. ಯಾರೂ ಬೇಕೆಂದು ಈ ತಾರತಮ್ಯ ಮಾಡಿದ್ದಲ್ಲ. ಗಡಿಯಾರವೇ ಅವರ ವಿರುದ್ಧ ನಿಂತಿದೆ.

ಬಡಾವಣೆಗಳ ಸಣ್ಣ ಉದ್ಯಾನಗಳ ಕಥೆ ಇನ್ನೂ ಸ್ಪಷ್ಟ. ಅಲ್ಲಿ ಶುಲ್ಕವೇ ಇಲ್ಲ. ಆದರೆ ವರ್ಷಗಳ ಕಾಲ ಬೆಂಗಳೂರಿನ ಈ ಉದ್ಯಾನಗಳ ಗೇಟುಗಳು ಹಗಲಿನ ಬಹುಪಾಲು ಬೀಗ ಹಾಕಿಕೊಂಡಿರುತ್ತಿದ್ದವು. 2024ರ ಜೂನ್‌ನಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಅವುಗಳನ್ನು ತೆರೆದಿಡುವ ತೀರ್ಮಾನವಾಯಿತು. ನಗರದ ದುಡಿಯುವ ಜನರ ಪಾಲಿಗೆ ಅದು ಟಿಕೆಟ್ ಮನ್ನಾಕ್ಕಿಂತ ದೊಡ್ಡ ಕೊಡುಗೆ. 2025ರ ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಆ ತೀರ್ಮಾನವನ್ನು ಪ್ರತಿ ಗೇಟಿನಲ್ಲೂ ಪಾಲಿಸುವ ಹೊಣೆ ಈಗ ಅವುಗಳದು.

ಗೇಟು ತೆರೆದಿದ್ದರೂ ಮನುಷ್ಯನಿಗೆ ಬಿಡುವಿಲ್ಲದಿದ್ದರೆ ಏನು ಪ್ರಯೋಜನ? 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಯ ಕರೆ ಕೊಟ್ಟಾಗ ನಾಡು ಬೆಚ್ಚಿತ್ತು. ಶಿಸ್ತಿನ ಪಡೆಯೊಂದು ಹಾಗೆ ಮಾಡಬಹುದೇ ಎಂಬ ಚರ್ಚೆಯ ಗದ್ದಲದಲ್ಲಿ, ಅವರ ಬೇಡಿಕೆಗಳಲ್ಲಿ ವೇತನದ ಜೊತೆಗೆ ವಾರದ ರಜೆಯೂ ಇತ್ತು ಎಂಬುದು ಮರೆಯಾಯಿತು. ವಾರಕ್ಕೊಂದು ದಿನ ಮನೆಯವರೊಂದಿಗೆ ಇರಲು ಬಿಡಿ ಎಂದು ಕೇಳಲು ಕಾನಿಸ್ಟೆಬಲ್ ಒಬ್ಬ ನೌಕರಿಯನ್ನೇ ಪಣಕ್ಕೆ ಒಡ್ಡಬೇಕಾದ ಸ್ಥಿತಿ ಯಾವ ಸರ್ಕಾರಕ್ಕೂ ಶೋಭೆ ತರುವಂಥದ್ದಲ್ಲ. ರಜೆ ಕಾಗದದ ಮೇಲಿದ್ದು ಬಂದೋಬಸ್ತಿನ ನೆಪದಲ್ಲಿ ಪದೇ ಪದೇ ರದ್ದಾಗುವುದು ಎಲ್ಲ ತುರ್ತು ಸೇವೆಗಳಿಗೂ ಅಂಟಿದ ರೋಗ. ಇದರ ಮೂಲ ಖಾಲಿ ಬಿದ್ದ ಹುದ್ದೆಗಳಲ್ಲಿದೆ. ನಾಲ್ವರ ಕೆಲಸ ಮೂವರು ಮಾಡುವಲ್ಲಿ ನಾಲ್ಕನೆಯವನ ರಜೆಯನ್ನು ಆ ಮೂವರೇ ತಮ್ಮ ರಜೆಯಿಂದ ತೆರಬೇಕಾಗುತ್ತದೆ.

ಮುಂದಿನ ತೊಡಕು ಪಟ್ಟಿಯದು. ತುರ್ತು ಸೇವಕರು ಎಂದರೆ ಯಾರು? ಆಡಳಿತದಲ್ಲಿ ದೀರ್ಘಕಾಲ ದುಡಿದವನಾಗಿ ಒಂದು ಮಾತು ಹೇಳಬಲ್ಲೆ. ಯಾವುದೇ ರಿಯಾಯಿತಿಯ ಹಣೆಬರಹ ತೀರ್ಮಾನವಾಗುವುದು ಆದೇಶದ ಪೀಠಿಕೆಯಲ್ಲಿ ಅಲ್ಲ, ‘ಅರ್ಹರು’ ಎಂಬ ಪದದ ವ್ಯಾಖ್ಯೆಯಲ್ಲಿ. ಅಗ್ನಿಶಾಮಕರಿಗೆ 1964ರ ಅಗ್ನಿಶಾಮಕ ದಳ ಕಾಯ್ದೆಯಿದೆ. ಪೊಲೀಸರಿಗೆ ಅವರದೇ ಕಾಯ್ದೆಯಿದೆ. ಇವರನ್ನು ಪಟ್ಟಿಗೆ ಸೇರಿಸುವುದು ಸುಲಭ. ಆದರೆ 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಬಹುಕಾಲ ಖಾಸಗಿ ಸಂಸ್ಥೆಯ ಮೂಲಕ ನಡೆಯಿತು. ಅದರ ಚಾಲಕರೂ ಶುಶ್ರೂಷಕರೂ ಸರ್ಕಾರಿ ನೌಕರರ ಲೆಕ್ಕಕ್ಕೆ ಬರಲಿಲ್ಲ. ಗೃಹರಕ್ಷಕರು 1962ರ ಕಾಯ್ದೆಯಡಿ ಸ್ವಯಂಸೇವಕರು. ಕರ್ತವ್ಯಕ್ಕೆ ಕರೆದ ದಿನ ಮಾತ್ರ ಅವರಿಗೆ ಭತ್ಯೆ. ಬಿರುಗಾಳಿಗೆ ಮರ ಉರುಳಿದ ರಾತ್ರಿ ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ನನ್ನು ತುರ್ತು ಸೇವಕನೆಂದು ಯಾರೂ ಕರೆಯುವುದಿಲ್ಲ. ಅವನ ಜೀವಕ್ಕೆ ಇರುವ ಅಪಾಯ ಮಾತ್ರ ಯಾರಿಗಿಂತಲೂ ಕಡಿಮೆಯದಲ್ಲ. ಮಲೆನಾಡು, ಕರಾವಳಿಗಳಲ್ಲಿ ನೆರೆ ಬಂದಾಗ ಮೊದಲು ನೀರಿಗಿಳಿಯುವುದು ಊರಿನ ಈಜುಗಾರರು ಮತ್ತು ಮೀನುಗಾರರು. ಅವರ ಹೆಸರು ಯಾವ ಸಂಬಳಪಟ್ಟಿಯಲ್ಲೂ ಇಲ್ಲ.

ಸಂಬಳಪಟ್ಟಿಯನ್ನು ಆಧಾರ ಮಾಡಿಕೊಂಡರೆ, ಅತ್ಯಂತ ಕಡಿಮೆ ಸಂಬಳಕ್ಕೆ ಅತ್ಯಂತ ಅಸ್ಥಿರವಾಗಿ ದುಡಿಯುವವರೇ ಹೊರಗುಳಿಯುತ್ತಾರೆ. ಖಾಯಂ ನೌಕರನಿಗೆ ಗೌರವ, ಗುತ್ತಿಗೆಯವನಿಗೆ ಟಿಕೆಟ್ ಎಂದಾದರೆ ಆ ಗೌರವ ಅವಮಾನವಾಗಿ ಪರಿಣಮಿಸುತ್ತದೆ. ಆಂಬುಲೆನ್ಸ್‌ನೊಳಗೆ ಪ್ರಾಣ ಉಳಿಸಿಕೊಂಡವನು ನೇಮಕಾತಿ ಪತ್ರ ತೋರಿಸು ಎಂದು ಕೇಳಿರುವುದಿಲ್ಲ. ಅಮೆರಿಕದಲ್ಲಿ ಅಗ್ನಿಶಾಮಕರಲ್ಲಿ ಮೂರನೇ ಎರಡರಷ್ಟು ಜನ ಸ್ವಯಂಸೇವಕರು. ಅಲ್ಲಿ ಸಂಬಳ ಪಡೆಯುವವರನ್ನು ಮಾತ್ರ ಎಣಿಸಿದರೆ ಬಹುಸಂಖ್ಯಾತರೇ ಬಿಟ್ಟುಹೋಗುತ್ತಾರೆ. ಆದ್ದರಿಂದ ಅರ್ಹತೆಯನ್ನು ಮಾಡುವ ಕೆಲಸದಿಂದ ಅಳೆಯಬೇಕು, ನೇಮಕದ ಬಗೆಯಿಂದ ಅಲ್ಲ. ಸೇವೆಯಲ್ಲಿ ಮಡಿದವರ, ಅಂಗವಿಕಲರಾದವರ ಕುಟುಂಬಗಳಿಗೆ ಇದು ಜೀವಮಾನದ ಹಕ್ಕಾಗಬೇಕು.

ಕುಟುಂಬ ಎಂಬ ಪದವನ್ನು ನಾನು ಉದ್ದೇಶಪೂರ್ವಕವಾಗಿಯೇ ಬಳಸುತ್ತಿದ್ದೇನೆ. ಹೆದ್ದಾರಿಯ ಟೋಲ್ ಗೇಟುಗಳಲ್ಲಿ ವಿನಾಯಿತಿ ಪಡೆದವರ ದೊಡ್ಡ ಫಲಕ ನಿಂತಿರುತ್ತದೆ. ಗಣ್ಯರ ಪದವಿಗಳು ಮೇಲಿನಿಂದ ಕೆಳಗೆ ಸಾಲಾಗಿರುತ್ತವೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೂ ಅದರಲ್ಲಿವೆ. ಅಲ್ಲಿ ವಿನಾಯಿತಿ ಸಿಗುವುದು ಕರ್ತವ್ಯದ ವಾಹನಕ್ಕೆ. ಅದನ್ನು ಓಡಿಸುವವನು ತನ್ನ ಹೆಂಡತಿ ಮಕ್ಕಳೊಂದಿಗೆ ಹೊರಟಾಗ ಅವನು ಎಲ್ಲರಂತೆ ಸಾಮಾನ್ಯ. ಪಾಸು ಒಬ್ಬನಿಗಷ್ಟೇ ಆದರೆ ಮಕ್ಕಳನ್ನು ಗೇಟಿನ ಹೊರಗೆ ಬಿಟ್ಟು ಅವನು ಒಳಗೆ ಹೋಗುವುದೇ? ದೀಪಾವಳಿಯ ರಾತ್ರಿ ಅಪ್ಪ ಅಥವಾ ಅಮ್ಮ ಮನೆಯಲ್ಲಿಲ್ಲದೆ ಕಳೆದ ಮಕ್ಕಳೂ ಈ ಸೇವೆಯ ಬೆಲೆಯನ್ನು ತೆತ್ತವರೇ. ಫಲಪುಷ್ಪ ಪ್ರದರ್ಶನಗಳಲ್ಲಿ ಸಮವಸ್ತ್ರ ತೊಟ್ಟು ಬಂದ ಶಾಲಾ ಮಕ್ಕಳನ್ನು ಉಚಿತವಾಗಿ ಬಿಡುವ ಒಳ್ಳೆಯ ರೂಢಿ ಲಾಲ್‌ಬಾಗ್‌ನಲ್ಲಿ ಇದೆ. ಅದೇ ಔದಾರ್ಯವನ್ನು ಇನ್ನೊಂದು ಸಮವಸ್ತ್ರದ ಮನೆಯವರಿಗೆ ವಿಸ್ತರಿಸಲು ಹೊಸ ತತ್ತ್ವವೇನೂ ಬೇಕಿಲ್ಲ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಪೊಲೀಸರಿಗೆ ಉಚಿತ ಎಂದೊಡನೆ ಕೆಲವರು ನಗಬಹುದು. ಅವರಿಗೆ ಎಲ್ಲಿ ತಾನೇ ಟಿಕೆಟ್ ಇದೆ ಎನ್ನಬಹುದು. ಖಾಕಿ ಕಂಡೊಡನೆ ಕೈ ಬೀಸಿ ಒಳಬಿಡುವ ಅಭ್ಯಾಸ ನಮ್ಮಲ್ಲಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಬಿಟ್ಟಿ ಪ್ರವೇಶ ಭಯದಿಂದ ಬಂದದ್ದು, ಅಧಿಕಾರದ ಮಬ್ಬಿನಲ್ಲಿ ನಡೆಯುವಂಥದ್ದು. ಅದು ಕೊಡುವವನನ್ನೂ ಪಡೆಯುವವನನ್ನೂ ಸಣ್ಣವರನ್ನಾಗಿಸುತ್ತದೆ. ಕಾನೂನಿನ ಪ್ರಕಾರ, ಎಲ್ಲರ ಎದುರಿಗೆ, ಲೆಕ್ಕದಲ್ಲಿ ದಾಖಲಾಗಿ ಸಿಗುವ ಸೌಲಭ್ಯ ಈ ಮಬ್ಬನ್ನು ಕಳೆಯುತ್ತದೆ. ಪ್ರಾಮಾಣಿಕನಾದ ಕಾನಿಸ್ಟೆಬಲ್ ಇಂದು ಮೌನವಾಗಿ ಟಿಕೆಟ್ ಕೊಂಡು ಒಳಹೋಗುತ್ತಾನೆ. ಈ ಸೌಲಭ್ಯ ನಿಜವಾಗಿ ಸಲ್ಲಬೇಕಾದದ್ದು ಅವನಿಗೆ.

ಎರಡನೆಯದು, ಇವರಿಗೆ ಕೊಟ್ಟರೆ ಶಿಕ್ಷಕರಿಗೆ ಏಕಿಲ್ಲ, ರೈತರಿಗೆ ಏಕಿಲ್ಲ ಎಂಬ ಪ್ರಶ್ನೆ. ಉದ್ಯಾನಗಳು ಎಲ್ಲರಿಗೂ ಉಚಿತವಾಗಿರಬೇಕು ಎಂಬ ವಾದವನ್ನು ನಾನು ಗೌರವಿಸುತ್ತೇನೆ. 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಇಂದಿಗೂ ಯಾರಿಗೂ ಟಿಕೆಟ್ ಕೇಳುವುದಿಲ್ಲ. ಅದರಿಂದ ನಗರಕ್ಕೆ ಲಾಭವೇ ಆಗಿದೆ. ಆದರೆ ಶುಲ್ಕ ಇರುವವರೆಗೆ, ಅದರಿಂದ ಯಾರಿಗೆ ವಿನಾಯಿತಿ ಎಂಬ ಆಯ್ಕೆಯನ್ನು ಸಮಾಜ ಮಾಡಲೇಬೇಕಾಗುತ್ತದೆ. ಉಳಿದೆಲ್ಲರೂ ಅಪಾಯದಿಂದ ಓಡಿಹೋಗುವಾಗ ಅದರತ್ತ ಓಡುವುದೇ ಯಾರ ನಿತ್ಯದ ಕೆಲಸವೋ ಅವರನ್ನು ಮೊದಲು ಆರಿಸಿಕೊಳ್ಳುವುದರಲ್ಲಿ ಅನ್ಯಾಯ ಕಾಣದು.

ಕೊನೆಯದಾಗಿ, ಖರ್ಚನ್ನು ಯಾರು ಹೊರಬೇಕೆಂಬ ವಿಷಯ. ಘೋಷಣೆ ಸರ್ಕಾರದ್ದು, ನಷ್ಟ ಉದ್ಯಾನದ್ದು ಎಂದಾಗಬಾರದು. ನಮ್ಮ ಮೃಗಾಲಯಗಳು ಬಹುಮಟ್ಟಿಗೆ ಗೇಟಿನ ಸಂಗ್ರಹದಿಂದಲೇ ಪ್ರಾಣಿಗಳ ಹೊಟ್ಟೆ ತುಂಬಿಸುತ್ತವೆ. 1892ರಲ್ಲಿ ಸ್ಥಾಪನೆಯಾದ ಮೈಸೂರು ಮೃಗಾಲಯ 2020ರ ಲಾಕ್‌ಡೌನ್‌ನಲ್ಲಿ ಗೇಟು ಮುಚ್ಚಿದಾಗ ದಾನಿಗಳ ಮೊರೆಹೋಗಬೇಕಾಯಿತು. ಇದಕ್ಕೆ ಪರಿಹಾರದ ಮಾದರಿ ನಮ್ಮ ಕೈಯಲ್ಲೇ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಕೊಡಲಾಗುತ್ತದೆ. ಆ ಟಿಕೆಟ್‌ಗಳ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. ಉದ್ಯಾನ, ಮೃಗಾಲಯಗಳಲ್ಲೂ ಇದೇ ಕ್ರಮವನ್ನು ಅನುಸರಿಸಬಹುದು. ಇಲಾಖೆಯ ಗುರುತಿನ ಚೀಟಿ ತೋರಿಸಿದರೆ ಸಾಕು, ಶೂನ್ಯ ಟಿಕೆಟ್ ದೊರೆಯಬೇಕು. ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಮೂರು ಪ್ರತಿ ಅರ್ಜಿ, ವರ್ಷಕ್ಕೊಮ್ಮೆ ನವೀಕರಣ ಎಂದು ಸೇರಿಸಿದರೆ ಯೋಜನೆ ಹುಟ್ಟುವ ಮೊದಲೇ ಸತ್ತಂತೆ.

ಶೂನ್ಯ ಟಿಕೆಟ್‌ನಿಂದ ಇನ್ನೊಂದು ಪ್ರಯೋಜನವಿದೆ. ಎಷ್ಟು ಮಂದಿ ಬಂದರು, ಯಾವ ದಿನ ಬಂದರು, ಯಾವ ಸೇವೆಯವರು ಬರಲೇ ಇಲ್ಲ ಎಂಬುದೆಲ್ಲ ದಾಖಲಾಗುತ್ತದೆ. ಒಂದು ಲಕ್ಷ ಕುಟುಂಬಗಳಿಗೆ ಹಕ್ಕು ಕೊಟ್ಟು ವರ್ಷದ ಕೊನೆಗೆ ಕೆಲವೇ ಸಾವಿರ ಟಿಕೆಟ್‌ಗಳು ಹರಿದಿದ್ದರೆ, ಅವರಿಗೆ ಉದ್ಯಾನ ಬೇಡವಾಗಿತ್ತು ಎಂದು ತೀರ್ಮಾನಿಸುವ ಆತುರ ಬೇಡ. ಅವರಿಗೆ ರಜೆ ಸಿಗಲಿಲ್ಲ ಎಂಬುದಕ್ಕೆ ಅದು ಪುರಾವೆಯಾದೀತು. ಆ ಅಂಕಿಯನ್ನು ಪ್ರತಿ ವರ್ಷ ಬಜೆಟ್ ಅಧಿವೇಶನದಲ್ಲಿ ಮಂಡಿಸುವಂತಾಗಲಿ. ಖಾಲಿ ಹುದ್ದೆ, ರದ್ದಾದ ರಜೆಗಳ ಬಗ್ಗೆ ಶಾಸಕರು ಕೇಳಬೇಕಾದ ಪ್ರಶ್ನೆಗಳಿಗೆ ಒಂದು ಸಣ್ಣ ಟಿಕೆಟ್ ಪುಸ್ತಕವೇ ಆಧಾರ ಒದಗಿಸೀತು.

ಬೆಂಕಿ ಬಿದ್ದಾಗ ಬಾವಿ ತೋಡುವ ಸ್ವಭಾವ ನಮ್ಮದೆಂದು ಹಿರಿಯರು ಹೇಳುತ್ತಿದ್ದರು. ಬಾವಿಯ ಜೊತೆಗೆ, ನೀರು ಸೇದುವವರ ತೋಳಿನಲ್ಲಿ ಕಸುವು ಉಳಿದಿದೆಯೇ ಎಂಬುದನ್ನೂ ಮುಂಚೆಯೇ ನೋಡಿಕೊಳ್ಳಬೇಕು. ಲಾಲ್‌ಬಾಗ್‌ನ ಬಂಡೆ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮೇಲೆ ಕುಳಿತು ನಗರವನ್ನು ನೋಡಲು ಒಂದು ಮಧ್ಯಾಹ್ನ ಸಾಕು. ನಗರವನ್ನು ಕಾಯುವವರಿಗೆ ಆ ಒಂದು ಮಧ್ಯಾಹ್ನವನ್ನು ತಿಂಗಳಿಗೊಮ್ಮೆಯಾದರೂ, ಮನೆಯವರ ಸಮೇತ, ಯಾರ ಅಪ್ಪಣೆಯನ್ನೂ ಬೇಡದೆ ಕೊಡಲು ಸರ್ಕಾರಕ್ಕೆ ಬೇಕಿರುವುದು ಒಂದು ಆದೇಶ ಮತ್ತು ಆ ಆದೇಶದಲ್ಲಿ ಟಿಕೆಟ್‌ನ ಪಕ್ಕದಲ್ಲೇ ರಜೆಯ ಬಗ್ಗೆ ಒಂದು ಸಾಲು. ಮೊದಲನೆಯದನ್ನು ಬರೆಯಲು ಯಾವ ಮಂತ್ರಿಯೂ ಹಿಂಜರಿಯಲಾರರು. ನಾವು ಪಟ್ಟು ಹಿಡಿದು ಕೇಳಬೇಕಾದದ್ದು ಎರಡನೆಯದನ್ನು.